ಕಾಲ ಚಾಚಾಕ ಜಾಗಿಲ್ಲದ ಬಚ್ಚಲ

ಮಂದಿ ಮನ್ಯಾಗ ಏನರ ವಿಚಿತ್ರ ನಡದ್ರ ಪಡಸಾಲ್ಯಾಗ ನಡೀತೈತಿ, ಇಲ್ಲಾ ಅಡಗಿ ಮನ್ಯಾಗ ನಡೀತೈತಿ. ನಮ್ಮ ಮನ್ಯಾಗ ಏನ ನಡದ್ರೂ ಬಚ್ಚಲದಾಗನ ನಡೀತೈತಿ. ಹನ್ನೊಂದ ವರ್ಷ ಆತು ಈ ಮನಿಗೆ ಬಂದು, ಇನ್ನೂ ನಿಂತಿಲ್ಲ.

ಬನಹಟ್ಟಿ ಊರ ಹೊರಗ ನೇಕಾರರಿಗೆ ಅಂತ ಸರಕಾರದವ್ರು ಸಾಲಾಗಿ ಕಟ್ಟಿಸಿ ಬಾಡಿಗಿಗೆ ಕೊಟ್ಟ ಮನಿ ನಮ್ಮವು. ಎರಡ ಖೋಲಿ, ಒಂದ ಬಚ್ಚಲ. ಸಂಡಾಸ ಹೊರಗ ಐತಿ, ಅದರ ಕತಿ ಬ್ಯಾರೆ, ಊಟದ ಹೊತ್ತಿಗೆ ಹೇಳೂದಲ್ಲ. ನಮ್ಮನಿಯವ್ರು ಪಾವರಲೂಮ್ ಮ್ಯಾಲ ಸೀರಿ ನೇಯ್ತಾರ. ನಾ ಮನ್ಯಾಗ ಕುಂತು ಲಾಳಿಗೆ ಹಾಕೂ ಕಂಡಿಕಿಗೆ ನೂಲ ಸುತ್ತತೀನಿ. ಜೊತಿಗೆ ನಮ್ಮ ಅತ್ತಿ. ಒಬ್ಬಾಕಿನ ಮಗಳು, ಅಕಿನ್ನ ಮುಧೋಳಕ್ಕ ಕೊಟ್ಟೇವಿ.

ಈ ಬಚ್ಚಲ ಕಟ್ಟಿದಾಂವ ಯಾಂವ ಅಂತ ನನಗ ಗೊತ್ತಿಲ್ಲ. ಅಂವ ಜನ್ಮದಾಗ ಜಳಕ ಮಾಡಿಲ್ಲ ಅನ್ನೂದು ಮಾತ್ರ ಗೊತ್ತೈತಿ. ಸಿಟ್ಟ ಬರತೈತಿ, ಬೈತೀನಿ. ಆದ್ರ ಖರೆ ಹೇಳಬೇಕಂದ್ರ ಅದರ ಮ್ಯಾಲ ನನಗ ಮಾಯಾನೂ ಐತಿ. ಮುಂಜಾನೆ ಎಂಟರ ಸುಮಾರ ಮ್ಯಾಲಿನ ಕಿಂಡ್ಯಾಗಿಂದ ಒಂದ ಪಟ್ಟಿ ಬಿಸಲ ಒಳಗ ಬೀಳತೈತಿ. ಹಂಡೇದ ಉಗಿ ಆ ಬಿಸಲಾಗ ಮೆಲ್ಲಕ ಮ್ಯಾಲ ಏರತಿರತೈತಿ. ಓಣಿ ತುಂಬ ಮಗ್ಗದ ಸಪ್ಪಳ, ಖಟಕ್ ಖಟಕ್, ಎಲ್ಲೋ ದೂರಿಂದ ಬಂದಂಗ ಕೇಳತೈತಿ. ಬೆನ್ನಿಗೆ ಒಂದ ತಂಬಿಗಿ ಬಿಸಿನೀರ ಹಾಕ್ಕೊಂಡ ಕಣ್ಣ ಮುಚ್ಚಿದ್ರ ಸಾಕು, ಎಚ್ಚರಿದ್ದಂಗನ ಕನಸ ಬೀಳತಾವ. "ಒಳಗ ನಿದ್ದಿ ಹತ್ತೇನ್ಲೇ?" ಅಂತ ನಮ್ಮನಿಯವ್ರು ಬಾಗಲಾ ಬಡದಾಗನ ನಾ ಬನಹಟ್ಟಿಗೆ ತಿರಗಿ ಬರೂದು.

ಹೊಳಿ ಬಂತು

ಮನಿ ಹೊಕ್ಕ ದಿನ ಹಾಲ ಉಕ್ಕಿಸಿ, ನಾಕ ಮಂದಿ ಬಳಗದವ್ರನ್ನ ಕರದಿದ್ವಿ. ಎಲ್ಲಾರೂ ಪಡಸಾಲ್ಯಾಗ ಜಮಖಾನಿ ಮ್ಯಾಲ ಕುಂತು ಶಿರಾ ತಿನ್ನಾಕತ್ತಿದ್ರು. "ಹೊಸಾ ಬಚ್ಚಲ, ಮೊದಲ ಜಳಕ ಯಜಮಾನನ ಮಾಡಲಿ" ಅಂತ ಅತ್ತಿ ಅಂದ್ರು. ನಮ್ಮನಿಯವ್ರು ಹೊಸಾ ಟಾವೆಲ್ ಸುತಗೊಂಡು ಮದಲಿಂಗನಂಗ ಒಳಗ ಹ್ವಾದ್ರು.

ಒಂದ ತಂಬಿಗಿ ಸುರಕೊಂಡ ಸಪ್ಪಳಾತು. ಎರಡಾತು. ಮೂರನೇದಕ್ಕ ಬಾಗಲದ ಕೆಳಗಿಂದ ಸಬಕಾರದ ನೊರಿ ಮೆಲ್ಲಕ ಇಣಿಕಿ ನೋಡಿತು. ಅದರ ಹಿಂದ ನೀರು ಬಂತು.

ಆಮ್ಯಾಲ ತಿಳೀತು. ಬಚ್ಚಲಕ್ಕ ಮೋರಿ ಇಟ್ಟಾರ, ಇಲ್ಲಂತಲ್ಲ. ಆದ್ರ ಆ ಮೋರಿ ಇರೂ ಮೂಲಿ ಇಡೀ ಬಚ್ಚಲದಾಗ ಎಲ್ಲಾಕಿಂತ ಎತ್ತರ. ಇಳಿಜಾರು ಪೂರಾ ಪಡಸಾಲಿ ಕಡೆ. ನೀರಿಗೆ ಏನ ಗೊತ್ತು, ಇಳುಕಲ ಇದ್ದ ಕಡೆ ಬಂತು. ಜಮಖಾನಿ ತೊಯ್ತು. ಬಾಗಲದಾಗ ಬಿಟ್ಟಿದ್ದ ಬಳಗದವ್ರ ಚಪ್ಪಲಿ ಒಂದೊಂದ ಜೋಡ ಎದ್ದು, ಹೇಳದ ಕೇಳದ ಅಂಗಳಕ್ಕ ಇಳದ್ವು. ಒಳಗಿನಾವ್ರಿಗೆ ಏನೂ ಗೊತ್ತಿಲ್ಲ, ಅವ್ರು ಹಾಡ ಹೇಳಕೋಂತ ಇನ್ನೂ ಸುರಕೊಳ್ಳಾಕತ್ತಾರ. ನಾ "ಸಾಕ ಮಾಡ್ರಿ, ಸಾಕ ಮಾಡ್ರಿ" ಅಂತ ಬಾಗಲಾ ಬಡೀತೀನಿ.

ಅತ್ತಿ ಮಾತ್ರ ಕುಂತಲ್ಲಿಂದ ಏಳಲಿಲ್ಲ. ಶಿರಾದ ತಾಟು ಎತ್ತಿ ಹಿಡಕೊಂಡು, ಎರಡೂ ಕಾಲ ನೀರಾಗ ಇಟಗೊಂಡು ಹೇಳಿದ್ರು: "ಚಿಂತಿ ಬಿಡವಾ. ಇನ್ನ ಹೊಳಿಗೆ ಹೋಗೂದ ತಪ್ಪಿತು. ಹೊಳೀನ ಮನಿಗೆ ಬರತೈತಿ."

ಸಾಹೇಬ್ರ ತಪಾಸಣಿ

ಅವತ್ತಿಂದ ಹೊಸ್ತಿಲಕ್ಕ ಹಳೆ ಅರಬಿ ಸುತ್ತಿ ಒಡ್ಡ ಕಟ್ಟೂದು, ಜಳಕ ಆದ ಮ್ಯಾಲ ಕಸಬರಿಗಿಲೆ ನೀರನ್ನ ದನಾ ಹೊಡದಂಗ ಹೊಡಕೊಂಡು ಹೋಗಿ ಮೋರಿಗೆ ಏರಸೂದು ನಮಗ ರೂಢಿ ಆತು. ಅರ್ಜಿ ಕೊಟ್ವಿ. ಮತ್ತೊಂದ ಕೊಟ್ವಿ. ಕಡೀಕ ಒಬ್ಬ ಸಾಹೇಬ್ರು ತಪಾಸಣಿಗೆ ಬಂದ್ರು. ಛಲೋ ಮನಶ್ಯಾ, ಮಾತ ಮೆತ್ತಗ. ಹೊಟ್ಟಿ ಮಾತ್ರ ಅವ್ರಕಿಂತ ಒಂದ ಹೆಜ್ಜಿ ಮುಂದಿತ್ತು.

ಇಲ್ಲೆ ಬಾಗಲದ ಸಂಗತಿ ಒಂದ ಹೇಳಬೇಕು. ನಮ್ಮ ಬಚ್ಚಲದ ಬಾಗಲಾ ಒಳಮುಖ ತೆರೀತೈತಿ. ಒಳಗಿನ ಜಾಗಾ ಮೂರ ಹೆಜ್ಜಿ. ಒಳಗ ಹೋದಾವ್ರು ಹಂಡೇದ ಮೂಲ್ಯಾಗ ಸರದು, ಉಸರ ಹಿಡದು, ಬಾಗಲಾ ತಮ್ಮ ಹೊಟ್ಟಿ ಮುಂದಿಂದ ದಾಟಿಸಿ ಹಾಕ್ಕೋಬೇಕು. ನಮಗ ಕಣ್ಣ ಮುಚ್ಚಿ ಬರತೈತಿ.

"ಬಾಗಲಾ ಹಾಕಿ ನೋಡತೀನಿ" ಅಂದ್ರು ಸಾಹೇಬ್ರು.

"ಬ್ಯಾಡ್ರಿ ಸಾಹೇಬ್ರ, ಹೊರಗಿಂದನ ನೋಡ್ರಿ" ಅಂದ್ರು ನಮ್ಮನಿಯವ್ರು.

"ಸರಿಯಾಗಿ ನೋಡಲಿಲ್ಲಂದ್ರ ಹೆಂಗ ಬರೀಲಿ?" ಅಂತ ಒಳಗ ಹೋಗಿ ಬಾಗಲಾ ಹಾಕೇ ಬಿಟ್ರು. ಹೆಂಗ ಹಾಕಿದ್ರೋ ಶಿವಗ ಗೊತ್ತು. ಆಮ್ಯಾಲ ಬಕೀಟ ಬಿದ್ದ ಸಪ್ಪಳ. ಆಮ್ಯಾಲ ಸಣ್ಣಾಗಿ, "ಯಜಮಾನ್ರ, ಬಾಗಲಾ ತೆರೀವಲ್ದು" ಅಂದ್ರು.

ನಮ್ಮನಿಯವ್ರು ಬಾಗಲಕ್ಕ ಕಿವಿ ಹಚ್ಚಿ ಸಾಲಿ ಮಾಸ್ತರರಂಗ ಸುರು ಮಾಡಿದ್ರು. "ಗಾಬ್ರಿ ಆಗಬ್ಯಾಡ್ರಿ. ಬಲಗಾಲ ಬಕೀಟನ್ಯಾಗ ಇಡ್ರಿ. ಇಟ್ರಿ? ಎಡಗೈಲೆ ಮ್ಯಾಲಿನ ಕಿಂಡಿ ಹಿಡೀರಿ. ಈಗ ಉಸರ ಬಿಡ್ರಿ. ಪೂರಾ ಬಿಡ್ರಿ."

"ಬಕೀಟನ್ಯಾಗ ನೀರ ಅದಾವಲ್ರಿ!"

"ಇರತಾವ್ರಿ. ಬಚ್ಚಲ ಅಲ್ಲೇನ್ರಿ ಅದು?"

ಅರ್ಧಾ ತಾಸಿಗೆ ಹೊರಗ ಬಂದ್ರು. ಒಂದ ಕಾಲ ಮೊಣಕಾಲ ತನಕ ತೊಯ್ದಿತ್ತು, ಅಂಗಿ ಗುಂಡಿ ಎರಡ ಹರದಿದ್ವು. ನನಗ ಪಾಪ ಅನಿಸಿ ಚಾ ಮಾಡಿ ಕೊಟ್ಟೆ. ಚಾ ಕುಡದು, ಫೈಲ ತಗದು, ಬಾಳ ಹೊತ್ತ ವಿಚಾರ ಮಾಡಿ ಒಂದ ಸಾಲ ಬರದ್ರು. "ಏನ ಬರದ್ರಿ ಸಾಹೇಬ್ರ?" ಅಂತ ಕೇಳಿದೆ.

"ಬಾಗಿಲು ಬಹಳ ಭದ್ರ ಇದೆ ಅಂತ ಬರದೇನ್ರಿ."

ಗ್ವಾಡಿ ಆಚಿನ ದನಿ

ನಮ್ಮ ಬಚ್ಚಲಕ್ಕೂ ಬಾಜೂ ಮನಿ ಬಚ್ಚಲಕ್ಕೂ ನಡುವ ಒಂದನ ಗ್ವಾಡಿ. ಅದೂ ಛತ್ತಿನ ತನಕ ಹೋಗಿಲ್ಲ, ಮ್ಯಾಲ ಒಂದ ಮೊಳ ಬಿಟ್ಟಾರ. ಇಟ್ಟಂಗಿ ಸಾಲಲಿಲ್ಲೋ ಮನಸ್ಸ ಸಾಲಲಿಲ್ಲೋ. ಬಾಜೂಕ ಇರಾವ್ರು ವಯಸ್ಸಾದ ಕಾಕಾ, ಕಾಕು. ಕಾಕಾ ಬಾಳ ದೈವಭಕ್ತ. ಚಷ್ಮಾ ತಗದ್ರ ತಮ್ಮ ಅಂಗೈ ತಮಗ ಕಾಣೂದಿಲ್ಲ. ಕಾಕು ಬಾಳ ಮಾತಿನಾಕಿ. ಅಕಿ ನಾ ಇಬ್ಬರೂ ಒಮ್ಮೆ ಜಳಕಕ್ಕ ಹೊಕ್ಕಿವಂದ್ರ ಕಾಕು ಗ್ವಾಡಿ ಮ್ಯಾಲಿಂದ ಸಬಕಾರ ಒಗೀತಾಳ, ನಾ ಹಿಡೀತೀನಿ, ತಿಕ್ಕೊಂಡು ಹೊಳ್ಳಿ ಒಗೀತೀನಿ.

ಒಂದ ದಿನ ನಾ ಬಿಸಲ ಪಟ್ಟ್ಯಾಗ ಕುಂತು ಹಂಗ ಕನಸಿಗೆ ಹೋಗಿದ್ದೆ. ನನ್ನ ಕನಸಿನ್ಯಾಗ ಬಂಗಾರ ಬರೂದಿಲ್ಲ, ಬಂಗಲೆ ಬರೂದಿಲ್ಲ, ಬಚ್ಚಲನ ಬರತೈತಿ. ಗ್ವಾಡಿ ಆಚೆ ಕಾಕು ಇದ್ದಾಳಂತ ತಿಳದು ಬಾಯಿ ಬಿಟ್ಟೇ ಹೇಳಾಕತ್ತೆ. "ಕರೀಕಲ್ಲ ಹಾಸಿರಬೇಕು. ತಾಮ್ರದ ದೊಡ್ಡ ಹಂಡೇ. ಮೂರ ಮಂದಿ ಕುಂತ್ರೂ ಒಬ್ಬರ ಮೊಣಕಾಲ ಒಬ್ಬರಿಗೆ ತಾಗಬಾರದು. ಕಿಡಕಿ ಹೊರಗ ಮಲ್ಲಿಗಿ ಬಳ್ಳಿ. ಗಾಳಿ ಬೀಸಿದ್ರ ಒಂದೊಂದ ಹೂವ ನೀರಾಗ ಬೀಳಬೇಕು. ನೀರು ಮೋರಿ ಕಡೇನ ಹೋಗಬೇಕು."

ಉಗಿ ಮೆಲ್ಲಕ ಏರಾಕತ್ತಿತ್ತು. ಅದರಾಗಿಂದ, ಮ್ಯಾಲಿಂದ, ಒಂದ ದಪ್ಪ ದನಿ ಬಂತು: "ತಂಗೀ..."

ನನ್ನ ಮೈಯಾಗಿನ ಕೂದಲೆಲ್ಲಾ ಎದ್ದ ನಿಂತ್ವು. "ಯಾ... ಯಾರ್ರಿ?" ಅಂದೆ.

"ನಾ ಕಾಕಾ. ಅಂಥಾ ಮನಿ ಎಲ್ಲೆ ಖಾಲಿ ಐತ್ರಿ? ನಮಗೂ ಒಂದ ನೋಡ್ರಿ."

ಬೀಗತಿ ಕುಂತು ನೋಡಿದ್ರು

ಇಲ್ಲೀತನಕ ನಗಿ ಆತು. ಹೋದ ವರ್ಷ ಮಗಳು ಬಸರಾದ್ಲು, ನಗಿ ಹೋಗಿ ಚಿಂತಿ ಬಂತು.

ನಮ್ಮ ಕಡೆ ಚೊಚ್ಚಲ ಬಾಣಂತನ ತವರ ಮನ್ಯಾಗನ ಆಗಬೇಕು. ಅಕಿನ್ನ ಗಂಡನ ಮನಿಗೆ ಕಳಿಸಿದ ದಿನದಿಂದ ನಾ ಇದನ್ನ ಕಾಯಾಕತ್ತೇನಿ. ಸೀಮಂತದ ಕುಬಸ ಮುಗಿಸಿ ಮಗಳನ್ನ ಬಿಡಾಕ ಮುಧೋಳದಿಂದ ಬೀಗತಿ ತಾವನ ಬಂದ್ರು. ಮಗನ್ನ ಹೆತ್ತಾಕಿ, ಅಂಥಾ ಇಂಥಾದ್ದಕ್ಕ ಒಪ್ಪಾಕಿ ಅಲ್ಲ. ನೀರ ಕುಡದಾಕಿನ ಸೀದಾ ಬಚ್ಚಲಕ್ಕ ನಡದ್ರು.

ಕೂಸಿನ್ನ ಎರಿಯೂದಂದ್ರ ಹೆಂಗ? ಮನಿ ಹಿರ್ಯಾಕಿ ನೆಲದ ಮ್ಯಾಲ ಕುಂತು ಎರಡೂ ಕಾಲ ನೆಟ್ಟಗ ಚಾಚಬೇಕು. ಕಾಲ ಮ್ಯಾಲ ಕೂಸಿನ್ನ ಮಲಗಿಸಿ, ಎಣ್ಣಿ ತಿಕ್ಕಿ, ಬಿಸಿನೀರ ಎರೀಬೇಕು. ಬಾಗಲಾ ಹಾಕಿರಬೇಕು, ಕೂಸಿಗೆ ಗಾಳಿ ಸೋಕಬಾರದು. ಬೀಗತಿ ಅಷ್ಟೂ ಮಾಡಿ ನೋಡಿದ್ರು. ಬಾಗಲಾ ಹಾಕಿ, ಕುಂತು, ಕಾಲ ಚಾಚಿದ್ರು. ಪಾದ ಎದರಿನ ಗ್ವಾಡಿಗೆ ಬಡದು ಮೊಣಕಾಲ ಗದ್ದಕ್ಕ ಬಂದ್ವು.

ಹೊರಗ ಬಂದು ಹೇಳಿದ್ರು: "ಅಕ್ಕಾರ, ನೀವು ಛಲೋ ಮಂದಿ. ಅದರಾಗ ಎರಡ ಮಾತಿಲ್ಲ. ಆದ್ರ ಈ ಬಚ್ಚಲದಾಗ ಕೂಸಿನ್ನ ಎಲ್ಲೆ ಮಲಗಸ್ತೀರಿ? ನಮ್ಮ ಬಚ್ಚಲದಾಗ ಎಮ್ಮಿ ನಿಂದರಿಸಿ ತೊಳೀಬಹುದು. ಬಾಣಂತನ ನಮ್ಮಲ್ಲೇ ಆಗಲಿ."

ಮಗಳು ಬಾಗಲದ ಮರಿಗೆ ನಿಂತು ನನ್ನ ಮಾರಿ ನೋಡಾಕತ್ತಿದ್ಲು. ಅಕಿ ಕಣ್ಣ ತುಂಬಿದ್ವು. ನಾ ಬೀಗತಿ ಕೈ ಹಿಡಕೊಂಡು, "ಒಂದ ಸಲ ಅವಕಾಶ ಕೊಡ್ರಿ ಅಕ್ಕಾರ" ಅಂದೆ. ಅವ್ರಿಗೂ ಕರಳಿಲ್ಲಂತಲ್ಲ. ಸ್ವಲ್ಪ ವಿಚಾರ ಮಾಡಿ ಅಂದ್ರು: "ಆತು. ಹೊಕ್ಕಳಬಳ್ಳಿ ಬಿದ್ದ ಮ್ಯಾಲ ಮೊದಲನೇ ಎರಿಯೂದು ನೋಡಾಕ ನಾ ಬರತೀನಿ. ಕಾಲ ಚಾಚಿ, ಬಾಗಲಾ ಹಾಕಿ ಎರದ್ರ ಇಲ್ಲೇ ಇರಲಿ. ಇಲ್ಲಂದ್ರ ತಾಯಿ ಕೂಸು ಇಬ್ಬರನ್ನೂ ಅವತ್ತ ಕರಕೊಂಡು ಹೋಗತೀನಿ."

ಆವಾಗ ಮೂಲ್ಯಾಗಿಂದ ಅತ್ತಿ ಕೇಳಿದ್ರು: "ಅಲ್ಲವಾ, ಕೂಸಿನ್ನ ನಿಂದರಿಸಿ ಎರದ್ರ ಆಗೂದಿಲ್ಲೇನ?"

ಗೇಣು, ಬೆರಳು

ಜಮಖಂಡಿ ದವಾಖಾನ್ಯಾಗ ಹೆಣ್ಣ ಕೂಸ ಹುಟ್ಟಿತು. ಬೆಣ್ಣಿ ಮುದ್ದಿ. ಮನಿಗೆ ಕರಕೊಂಡ ಬಂದ್ವಿ. ನಾ ಅದರ ಮಾರಿ ನೋಡಕೋಂತ ಕುಂತ್ರ ಒಲಿ ಮ್ಯಾಲ ಹಾಲ ಉಕ್ಕಿದ್ದೂ ತಿಳೀತಿದ್ದಿಲ್ಲ. ಆದ್ರ ಹೊಕ್ಕಳ ಒಣಗಿಕೋಂತ ಬಂದಂಗ ನನ್ನ ಜೀವಾನೂ ಒಣಗಾಕತ್ತು. ಪಡಸಾಲ್ಯಾಗ ಎರಿಯೂಣಂದ್ರ ಬಣ್ಣದ ನೂಲಿನ ಗಂಟ ತುಂಬ್ಯಾವ, ನೀರ ಬಿದ್ರ ಹಾಳು. ಅಂಗಳದಾಗ ಎರಿಯೂಣಂದ್ರ ಗಾಳಿ.

"ಹಾಸಿಗಿ ಇದ್ದಷ್ಟ ಕಾಲ ಚಾಚು ಅಂತಾರ ಹಿರ್ಯಾರು. ಬಚ್ಚಲ ಇದ್ದಷ್ಟ ಚಾಚು ಅಂತ ಯಾರೂ ಹೇಳಿಲ್ಲ" ಅಂತ ನಮ್ಮನಿಯವ್ರು ಎದ್ರು. ಮೊದಲ ಬಚ್ಚಲ ಅಳದ್ರು. ಆಮ್ಯಾಲ ಮಧ್ಯಾಹ್ನ ಉಂಡು ಮಲಗಿದ್ದ ಅತ್ತಿ ಕಡೆ ಬಂದ್ರು. ನೇಕಾರ ಅಲ್ಲೇನ್ರಿ, ಟೇಪ ಬೇಕಾಗೂದಿಲ್ಲ. ನಡುವಿಂದ ಹಿಮ್ಮಡಿ ತನಕ ಗೇಣ ಹಾಕಿಕೋಂತ ಹೊಂಟ್ರು. ನಮ್ಮ ಅತ್ತಿ ಬಾಳ ಎತ್ತರದಾಕಿ, ಕಾಲ ಮುಗೀವಲ್ವು. ಮೊಣಕಾಲಿಗೆ ಬರೂದಕ್ಕ ಎಚ್ಚರಾತು.

ಕಣ್ಣ ತೆರದು ನೋಡ್ತಾರ, ಮಗ ಬಾಯಾಗ ಲೆಕ್ಕಾ ಹೇಳಕೋಂತ ತಮ್ಮನ್ನ ಅಳ್ಯಾಕತ್ತಾನ. ಧಡಕ್ಕನ ಎದ್ದ ಕುಂತು ಅಂದ್ರು: "ಏನ್ಲೇ ಭಾಡ್ಯಾ, ಕುಣಿ ತೋಡಾಕ ಅಳತಿ ತಗೋತಿ? ಇನ್ನ ಜೀವ ಐತ್ಲೇ ನನ್ನಾಗ!"

ಅಳತಿ ಮುಗೀತು. ಒಂದ ಗೇಣು ನಾಕ ಬೆರಳು ಕಡಿಮಿ. ಎದರಿನ ಗ್ವಾಡಿ ಕೆಳಗ, ನೆಲಕ್ಕ ಹತ್ತಿ ಎರಡ ಇಟ್ಟಂಗಿ ತಗದ್ರ ಪಾದ ಆಚೆ ಹೋಗತಾವ, ಕೂಸು ಈಚೆ ಇರತೈತಿ. ಆದ್ರ ಆಚೆ ಅಂದ್ರ ಕಾಕಾನ ಬಚ್ಚಲ. ಕಾಕಾ ತೇರದಾಳಕ್ಕ ಮಗಳ ಮನಿಗೆ ಹೋಗಿದ್ರು. ಕಾಕುನ್ನ ಕೇಳಿದ್ವಿ. "ಒಡೀರಿ ಒಡೀರಿ, ಕೂಸಿಗಿಂತ ಗ್ವಾಡಿ ದೊಡ್ಡದೇನು?" ಅಂದ್ಲು ಆ ತಾಯಿ. ಒಡದು, ಗಿಲಾವ ಮಾಡಿ ಅಂಚ ಮೆತ್ತಗ ಮಾಡಿದ್ವಿ. ಆಚೆ ಕಡೆ ಕಾಕು ಒಂದ ಹಲಗಿ ಮುಚ್ಚಿದ್ಲು. ಗಾಳಿ ಬರಬಾರದಂತ ಗ್ವಾಡಿ ಮ್ಯಾಲಿನ ಸಂದ್ಯಾಗ ಹಳೆ ಗಾದಿ ತುರುಕಿದ್ವಿ.

"ಬಾಡಿಗಿ ಮನಿ ಗ್ವಾಡಿ ಒಡದೀರಿ, ಸಾಹೇಬ್ರು ಬಂದ್ರ ಏನ ಹೇಳ್ತೀರಿ?" ಅಂತ ನಾ ಕೇಳಿದೆ.

"ಒಡದಿಲ್ಲ. ಎರಡ ಇಟ್ಟಂಗಿ ರಜಾ ಮ್ಯಾಲ ಹೋಗ್ಯಾವ. ಬಾಣಂತನ ಮುಗದ ಕೂಡಲೆ ಡ್ಯೂಟಿಗೆ ಬರತಾವ."

ಪಾದ ಮೂಡಿದ್ವು

ಹೊಕ್ಕಳ ಬಿತ್ತು. ಮಾರನೇ ದಿನ ಮುಂಜಾನೆ ಮೊದಲನೇ ಬಸ್ಸಿಗೆ ಬೀಗತಿ ಬಂದ್ರು. ಕೈಯಾಗ ಖಾಲಿ ಚೀಲ ಇತ್ತು. ಮಗಳ ಅರಬಿ ತುಂಬಕೊಂಡು ಹೋಗಾಕ ಅಂತ ನೋಡಿದ ಕೂಡಲೆ ನನಗ ತಿಳೀತು.

ಬಾಗಲಾ ಹಾಕಿದ ಮ್ಯಾಲ ಅತ್ತಿ ಅದಕ್ಕ ಬೆನ್ನ ಕೊಟ್ಟು ಕುಂತು ಕಾಲ ಚಾಚಿದ್ರು. ಪಾದ ಹಲಗಿ ದೂಡಿ ಆಚೆ ಹೋದ್ವು. ನಾ ಹಂಡೇದ ಮೂಲ್ಯಾಗ ತಂಬಿಗಿ ಹಿಡದು ನಿಂತೆ. ಹೊರಗ ಬೀಗತಿ ಟಾವೆಲ್ ಹಿಡಕೊಂಡು ಕಟಗಿ ಮಣಿ ಮ್ಯಾಲ ಕುಂತ್ರು. ಕೆಂಡದ ಮ್ಯಾಲ ಅಜವಾನ, ಲೋಬಾನ ಹಾಕಿದ್ವಿ. ಹೊಗಿ, ಉಗಿ, ಆ ಬಿಸಲ ಪಟ್ಟಿ, ಎಣ್ಣಿ ವಾಸನಿ. ಮೊದಲನೇ ತಂಬಿಗಿ ನೀರ ಬಿದ್ದ ಕೂಡಲೆ ಕೂಸು ಅಳೂದ ಬಿಟ್ಟು ಕಣ್ಣ ಅರ್ಧಾ ಮುಚ್ಚಿತು. ಅದಕ್ಕೂ ನನ್ನಂಗ ಕನಸ ಬಿದ್ವೋ ಏನೋ. ಎಷ್ಟ ಸುಖ ಅನಿಸ್ತು ಅಂದ್ರ, ಚೀಲ, ಬೀಗತಿ, ಮುಧೋಳ ಎಲ್ಲಾ ಮರತೆ.

ಗ್ವಾಡಿ ಆಚೆ ಏನ ನಡದಿತ್ತು ಅನ್ನೂದು ಆಮ್ಯಾಲ ತಿಳೀತು. ಕಾಕಾ ಅವತ್ತ ಮುಂಜಾನೇನ ತೇರದಾಳದಿಂದ ಬಂದಿದ್ರು. ತೂತಿನ ಸುದ್ದಿ ಹೇಳಬೇಕಾದ ಕಾಕು ಓಣಿ ಮಂದಿಗೆಲ್ಲಾ ಹೇಳಿದ್ಲು, ಗಂಡಗ ಒಬ್ಬಾಂವಗ ಹೇಳೂದ ಮರತಿದ್ಲು. ಕಾಕಾ ಸೀದಾ ಬಚ್ಚಲಕ್ಕ ಹೋಗ್ಯಾರ, ಚಷ್ಮಾ ತಗದಿಟ್ಟಾರ, ಶಿವ ಶಿವ ಅಂತ ಒಂದ ತಂಬಿಗಿ ಸುರಕೊಂಡಾರ. ಕಣ್ಣ ಒರಸಿಕೊಂಡು ನೋಡ್ತಾರ, ಕೆಳಗ ಹೊಗಿ ಬರಾಕತ್ತೈತಿ, ಲೋಬಾನದ ವಾಸನಿ ಐತಿ, ಗ್ವಾಡ್ಯಾಗಿಂದ ಎರಡ ಪಾದ ಮೂಡ್ಯಾವ. ಎಣ್ಣಿ ಹತ್ತಿ ಫಳಫಳ ಹೊಳ್ಯಾಕತ್ತಾವ.

ಮಠದ ಅಜ್ಜಾರನ್ನ ಮನಿಗೆ ಕರಸಿ ಪಾದಪೂಜಿ ಮಾಡಬೇಕಂತ ಕಾಕಾಂದು ಎಷ್ಟೋ ವರ್ಷದ ಆಸೆ. ಇಂಥಾ ಸಣ್ಣ ಮನಿಗೆ ಹೆಂಗ ಕರೀಲಿ ಅಂತ ಹಿಂಜರದಿದ್ರು. ಈಗ ಪಾದನ ತಾವಾಗಿ ಬಂದಾವ. ಕಾಕಾ ಅಲ್ಲೇ ಮೊಣಕಾಲೂರಿ ಕುಂತು, ತಮ್ಮ ಜಳಕದ ಬಿಸಿನೀರ ತಂಬಿಗಿ ತುಂಬಿ ಪಾದದ ಮ್ಯಾಲ ಹಾಕಿದ್ರು. ಬೆರಳ ಬೆರಳ ತೊಳದ್ರು. ಗ್ವಾಡಿ ಮಾಡದಾಗಿನ ವಿಭೂತಿ ತಗದು ಎರಡೂ ಪಾದಕ್ಕ ಮೂರ ಮೂರ ಗೆರಿ ಎಳದ್ರು.

ಈಚೆ ನಮ್ಮ ಅತ್ತಿ, ಕಾಕು ಸೇವಾ ಮಾಡಾಕತ್ತಾಳಂತ ತಿಳದು, ಕಣ್ಣ ಮುಚ್ಚಕೊಂಡು ಹಾಯಾಗಿ ಅಂದ್ರು: "ಛಲೋ ಆತವಾ. ಹಿಮ್ಮಡಿಗೂ ಒಂದ ತಂಬಿಗಿ ಹಾಕ."

ಕಾಕಾ ಎದ್ದಾವ್ರ ತೊಯ್ದ ಪಂಜಿಮ್ಯಾಲನ ಓಡಿ ನಮ್ಮ ಪಡಸಾಲಿಗೆ ಬಂದ್ರು. "ತಂಗೀ! ನಮ್ಮ ಬಚ್ಚಲದಾಗ ಪಾದ ಮೂಡ್ಯಾವ! ಮಾತಾಡಿದ್ವು! ಹಿಮ್ಮಡಿಗೆ ನೀರ ಬೇಕಂತ!"

ಎದರಿಗೆ ಟಾವೆಲ್ ಹಿಡಕೊಂಡು ಕುಂತಾಕಿ ಬೀಗತಿ. ಹಿಂದಿಂದ ಹಣಿ ಬಡಕೋಂತ ಕಾಕು ಬಂದ್ಲು. "ಅಯ್ಯ, ಅವು ಬಾಜೂ ಮನಿ ಆಯೀ ಕಾಲ್ರೀ! ಕೂಸಿನ್ನ ಎರ್ಯಾಕತ್ತಾರ್ರೀ!"

ಕಾಕಾ ವಿಭೂತಿ ಹತ್ತಿದ ಬೆರಳ ಪಂಜಿಗೆ ಒರಸಿಕೊಂಡ್ರು. "ಹೌದಾ? ವಿಭೂತಿ ಹಚ್ಚೇನಲ್ಲ!" ಅಂದ್ರು.

ಅಷ್ಟರಾಗ ಬಾಗಲಾ ತೆರೀತು. ನಾ ಕೂಸಿನ್ನ ಎತಗೊಂಡು ಬಂದೆ, ಹಿಂದ ಅತ್ತಿ ಬಂದ್ರು, ಪಾದದ ಮ್ಯಾಲ ವಿಭೂತಿ ಗೆರಿ. ಬೀಗತಿ ಆ ಗೆರಿ ನೋಡಿದ್ರು, ಕಾಕಾನ್ನ ನೋಡಿದ್ರು. ಮೊದಲ ತುಟಿ ಕಚ್ಚಿದ್ರು, ಆಮ್ಯಾಲ ತಡಕೊಳ್ಳಾಕ ಆಗಲಿಲ್ಲ, ಹೊಟ್ಟಿ ಹಿಡಕೊಂಡು ಮಣಿಯಿಂದ ನೆಲಕ್ಕ ಬಂದ್ರು. ಲಗ್ನ ಆದಾಗಿಂದ ಅವ್ರ ಹಲ್ಲ ನಾವು ನೋಡಿದ್ದು ಅವತ್ತನ.

ನಕ್ರು ಖರೆ, ಆದ್ರ ಇರಲಿ ಅಂತನೂ ಅನಲಿಲ್ಲ, ಬ್ಯಾಡ ಅಂತನೂ ಅನಲಿಲ್ಲ. ಕೂಸಿನ್ನ ಒರಸಿ, ಸುತ್ತಿ, ಹೊಗಿ ಕೊಟ್ಟು, ಮಲಗಿಸಿದ್ರು. ಸಂಜೀ ಬಸ್ಸಿಗೆ ಹೋಗಲಿಲ್ಲ. ಮಗಳು ನನ್ನ ಕಿವ್ಯಾಗ "ಯವ್ವಾ, ಕೇಳ ಬೇ" ಅಂದ್ಲು. ನನಗ ಕೇಳಾಕ ಧೈರ್ಯ ಆಗಲಿಲ್ಲ.

ಮಾರನೇ ದಿನ ಮುಂಜಾನೆ ಹಂಡೇ ಕಾಸಿ ಅತ್ತೀನ್ನ ಕರೀಬೇಕಂದ್ರ, ಬೀಗತಿ ಸೀರಿ ಕಚ್ಚಿ ಸಿಗಸಿಕೊಂಡು ಬಚ್ಚಲದ ಬಾಗಲದಾಗ ನಿಂತಾರ. "ಆಯೀ, ನೀವ ಕುಂದರ್ರಿ. ಇವತ್ತ ನಾ ಎರೀತೀನಿ" ಅಂದ್ರು. ಕೂಸಿನ್ನ ಎತಗೊಂಡು ಒಳಗ ಹೋಗಿ, ಹಂಡೇದ ಮೂಲ್ಯಾಗ ಸರದು, ಬಾಗಲಾ ದಾಟಿಸಿ ಹಾಕಿದ್ರು. ಕುಂತು ಕಾಲ ಚಾಚಿ ಎರಡೂ ಪಾದ ತೂತಿನ್ಯಾಗಿಂದ ಆಚೆ ಬಿಟ್ರು. ಕೂಸಿನ್ನ ಕಾಲ ಮ್ಯಾಲ ಮಲಗಿಸಿಕೊಂಡ್ರು. ಆಮ್ಯಾಲ ಮುಂದ ಬಗ್ಗಿ ತಂಬಿಗಿಲೆ ಗ್ವಾಡಿ ಬಡದು, ಆಚೆ ಕಾಕಾಗ ಕೇಳೂಹಂಗ ಜೋರ ಕೂಗಿದ್ರು:

"ಅಣ್ಣಾರ! ತಾಯಿ ಕೂಸು ಇಲ್ಲೇ ಇರ್ತಾರ, ನಾನೂ ಇನ್ನ ಹದಿನೈದ ದಿನ ಇಲ್ಲೇ ಇರಾಕಿ. ನೀರ ಕಾದಾವೇನ್ರಿ?"